ಒಂಬತ್ತು ಸಲ ‘ಆಸಮ್’: ಶಿಷ್ಯೆಗೊಂದು ಪತ್ರ

ಬದಿಯಡ್ಕ

ಪ್ರೀತಿಯ ಶಿಷ್ಯೆಗೆ ಆಶೀರ್ವಾದಗಳು.

ಕಾಸರಗೋಡಿನ ನಮ್ಮ ಕುಂಬಳೆ ಸೀಮೆಯ ತೆಂಕುತಿಟ್ಟು (ತೆಂಕಣ ಶೈಲಿಯ) ಯಕ್ಷಗಾನವನ್ನು ಹೊರಗಿನ ಓದುಗರಿಗೆ ಪರಿಚಯಿಸಲೆಂದು ನೀನು ಇಂಗ್ಲಿಷಿನಲ್ಲಿ ಬರೆದ ಲೇಖನ ಕೈಸೇರಿ ವಾರವಾಯಿತು. ಎರಡು ಸಲ ಓದಿದೆ. ರಾತ್ರಿಯಿಡೀ ನಿದ್ದೆಗೆಟ್ಟು ಆಟ ನೋಡಿದ್ದೀ ಎಂಬುದು ಪ್ರತಿ ಪುಟದಲ್ಲೂ ಗೊತ್ತಾಗುತ್ತದೆ. ಆದರೆ ಹಾಡುವ ಭಾಗವತರ ಕಂಠ ‘ಆಸಮ್’ (awesome), ಎಳೆಯ ವೀರನ ಪುಂಡುವೇಷ ಸುತ್ತಿ ಹಾರುವ ಧಿಗಿಣ ‘ಆಸಮ್’, ಕಿರೀಟದ ಕುಸುರಿ ‘ಆಸಮ್’, ಕೊನೆಗೆ ವೇಷ ಕಟ್ಟುವ ಚೌಕಿಯಲ್ಲಿ ಯಾರೋ ಕೊಟ್ಟ ಚಹಾ ಕೂಡ ‘ಆಸಮ್’! ನಾಲ್ಕು ಪುಟಗಳಲ್ಲಿ ಒಂಬತ್ತು ಸಲ ಈ ಪದ ಬಂದಿದೆ. ಒಂಬತ್ತಕ್ಕೂ ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ.

ಈ ಪದ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಭಯ, ಭಕ್ತಿ, ಬೆರಗು ಮೂರೂ ಕೂಡಿದ ಒಂದು ಭಾವಕ್ಕೆ ಇಂಗ್ಲಿಷಿನವರು ಇಟ್ಟ ‘ಆ’ (awe) ಎಂಬ ಹೆಸರೇ ಇದರ ಬೇರು. ‘ತೀರಾ ಕೆಟ್ಟ’ ಎಂಬ ಅರ್ಥಕ್ಕೆ ಇಳಿದುಹೋದ ‘ಆಫುಲ್’ (awful) ಹುಟ್ಟಿದ್ದೂ ಅದೇ ಬೇರಿನಿಂದ. ಒಂದು ಬಳ್ಳಿಯ ಎರಡು ಕಾಯಿಗಳಲ್ಲಿ ಒಂದು ಹೊಗಳಿಕೆಯಾಗಿ, ಇನ್ನೊಂದು ತೆಗಳಿಕೆಯಾಗಿ ಬಲಿತಿತು. ಭೀತಿ ಹುಟ್ಟಿಸುವುದರಲ್ಲೇ ಭವ್ಯತೆಯ ಮೂಲವಿದೆ ಎಂದು 1757ರಲ್ಲಿ ಚಿಂತಕ ಎಡ್ಮಂಡ್ ಬರ್ಕ್ ವಾದಿಸಿದ್ದ. ನಾಟ್ಯಶಾಸ್ತ್ರ ಬರೆದ ನಮ್ಮ ಭರತನು ಭಯಾನಕವನ್ನೂ ಅದ್ಭುತವನ್ನೂ ಬೇರೆ ಬೇರೆ ರಸಗಳೆಂದು ಎಣಿಸಿ, ಒಂದಕ್ಕೆ ಭಯವನ್ನು, ಮತ್ತೊಂದಕ್ಕೆ ವಿಸ್ಮಯವನ್ನು ಸ್ಥಾಯಿಯಾಗಿ, ಎಂದರೆ ಮೂಲಭಾವವಾಗಿ, ಹೇಳಿದ. ಈ ಎರಡು ರಸಗಳು ಒಂದೇ ಕ್ಷಣದಲ್ಲಿ ಎದುರಾಗುವ ಜಾಗವೊಂದು ನಮ್ಮ ರಂಗಸ್ಥಳದಲ್ಲಿ ಇದೆಯಲ್ಲ? ಚೆಂಡೆಯ ಅಬ್ಬರ ಏರುತ್ತಿರುವಾಗ, ದೀವಟಿಗೆಗೆ ಎರಚಿದ ರಾಳದ ಪುಡಿ ಭಗ್ಗೆಂದು ಉರಿದು, ಆ ಬೆಳಕಿನಲ್ಲಿ ಮುಖದ ತುಂಬ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ರಾಕ್ಷಸನ ಬಣ್ಣದ ವೇಷ ಆರ್ಭಟಿಸುತ್ತ ಬರುವಾಗ, ಮುಂದೆ ಕುಳಿತ ಮಕ್ಕಳು ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿಕೊಂಡೂ ಒಂದು ಕಣ್ಣಿನಿಂದ ನೋಡುತ್ತಲೇ ಇರುತ್ತಾರೆ. ನಿನ್ನ ‘ಆಸಮ್’ ಅಲ್ಲಿಗೆ ಸಲ್ಲಬೇಕು. ವಿಚಿತ್ರವೆಂದರೆ ನೀನು ಆ ಒಂದು ಕಡೆ ‘ನೈಸ್’ ಎಂದು ಬರೆದಿದ್ದೀ.

‘ನೈಸ್’ ಎಂಬ ಪದದ ಜಾತಕವೇ ಬೇರೆ. ‘ಅರಿಯದವನು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹಳೆಯ ಫ್ರೆಂಚಿನ ಮೂಲಕ ಬಂದ ಅದು ಮೊದಲು ಇಂಗ್ಲಿಷಿನಲ್ಲಿ ‘ಪೆದ್ದ’ ಎಂಬುದನ್ನು ಸೂಚಿಸುತ್ತಿತ್ತು. ಆಮೇಲೆ ‘ನಾಜೂಕಿನ’, ‘ಸೂಕ್ಷ್ಮವಾದ’ ಎಂದಾಗಿ, ಕಡೆಗೆ ಏನನ್ನೂ ಹೇಳದ ಒಳ್ಳೆಯತನಕ್ಕೆ ಬಂದು ನಿಂತಿತು. ‘ಟೆರಿಫಿಕ್’ ಎಂದರೆ ಮೊದಲು ನಡುಕ ಹುಟ್ಟಿಸುವಂಥದ್ದು, ‘ಟ್ರೆಮೆಂಡಸ್’ ಎಂದರೂ ನಡುಗಿಸುವಂಥದ್ದೇ. ‘ಫ್ಯಾಬ್ಯುಲಸ್’ ಕಟ್ಟುಕತೆಗೆ ಸೇರಿದ್ದು, ‘ಸೂಪರ್ಬ್’ ಎಂಬುದರ ಲ್ಯಾಟಿನ್ ಮೂಲದಲ್ಲಿ ಗರ್ವವಿದೆ. ಈ ಪಲ್ಲಟವನ್ನು ಕಂಡು ನಗಬೇಕಾಗಿಲ್ಲ. ನಮ್ಮ ಪಕ್ಕದ ಮನೆಯವರು ಮಲಯಾಳದಲ್ಲಿ ‘ಭಯಂಕರ ಇಷ್ಟಂ’ ಎನ್ನುವಾಗ ಯಾರಿಗೂ ಭಯವಾಗುವುದಿಲ್ಲ; ‘ಅಡಿಪೊಳಿ’ ಎಂದಾಗ ಯಾರೂ ಯಾವುದನ್ನೂ ಹೊಡೆದು ಕೆಡಹುವುದಿಲ್ಲ. ಎಲ್ಲ ಭಾಷೆಗಳಲ್ಲೂ ಹೊಗಳಿಕೆಯ ಪದಗಳು ದೊಡ್ಡದಾಗಿ ಹುಟ್ಟಿ, ಕೈಯಿಂದ ಕೈಗೆ ದಾಟಿ ಸವೆಯುತ್ತವೆ. ಮಾತಿನಲ್ಲಿ ಸವೆದ ನಾಣ್ಯವೂ ನಡೆಯುತ್ತದೆ, ಬರಹದಲ್ಲಿ ನಡೆಯುವುದು ಕಷ್ಟ.

ಇನ್ನು ಪದಗಳ ಮಟ್ಟದ ಬಗ್ಗೆ. ‘ಗುಡ್’, ‘ನೈಸ್’, ‘ಪ್ಲೆಸೆಂಟ್’ ಮೊದಲಾದವುಗಳ ಹಿಂದೆ ‘ವೆರಿ’ ಹಾಕಬಹುದು. ‘ಎಕ್ಸಲೆಂಟ್’, ‘ಮ್ಯಾಗ್ನಿಫಿಸೆಂಟ್’, ‘ಪರ್ಫೆಕ್ಟ್’ ಈಗಾಗಲೇ ತುದಿಯಲ್ಲಿ ನಿಂತಿರುವುದರಿಂದ ಅವುಗಳಿಗೆ ‘ವೆರಿ’ಯ ಏಣಿ ಬೇಡ. ನೀನು ಬರೆದ ‘ವೆರಿ ಎಕ್ಸಲೆಂಟ್’ ಅನ್ನು ಹೊಡೆದುಹಾಕಿದ್ದೇನೆ. ‘ಕ್ವೈಟ್ ಗುಡ್’ ಎಂಬುದು ಇನ್ನೂ ಅಪಾಯದ್ದು: ಅಮೆರಿಕದ ಓದುಗನಿಗೆ ಅದು ‘ಬಹಳ ಚೆನ್ನಾಗಿದೆ’, ಇಂಗ್ಲೆಂಡಿನವನಿಗೆ ಅನೇಕ ಸಲ ‘ಪರವಾಗಿಲ್ಲ’. ‘ನಾಟ್ ಬ್ಯಾಡ್’ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಊರಿನ ಹಿರಿಯರು ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆ ಮುಗಿದು ಚಾಪೆಯಿಂದ ಏಳುತ್ತ, ಮಾತನಾಡಿದ ಅರ್ಥಧಾರಿಗೆ ‘ಅಡ್ಡಿಯಿಲ್ಲ’ ಎಂದರೆ ಅದಕ್ಕಿಂತ ಮೇಲಿನ ಬಿರುದು ಇಲ್ಲವೆಂದು ನಿನಗೇ ಗೊತ್ತು.

ನಾನೂ ಎಡವಿದವನೇ. ಯಕ್ಷಗಾನ ನೋಡಲು ಬಂದು ನಮ್ಮ ಮನೆಯಲ್ಲಿ ನಾಲ್ಕು ದಿನ ತಂಗಿದ್ದ ಅಮೆರಿಕದ ದಂಪತಿಗಳಿಗೆ ಆಮೇಲೆ ಬರೆದ ಪತ್ರದಲ್ಲಿ, ಆ ತಾಯಿಯ ಸರಳತೆಯನ್ನು ಮೆಚ್ಚಿ ‘ಹೋಮ್ಲಿ’ ಎಂದುಬಿಟ್ಟೆ. ನಮ್ಮಲ್ಲಿ ವಧೂವರರ ಜಾಹೀರಾತುಗಳಲ್ಲಿ ಗೌರವದಿಂದ ಕುಳಿತಿರುವ ಈ ಪದಕ್ಕೆ ಅವರ ನಾಡಿನಲ್ಲಿ ‘ನೋಡಲು ಚೆಂದವಿಲ್ಲದ’ ಎಂಬ ಅರ್ಥವಿದೆಯೆಂದು ನನಗೆ ತಿಳಿದದ್ದು ವರ್ಷಗಳ ನಂತರ. ಅವರು ಮರುಪತ್ರ ಬರೆಯಲಿಲ್ಲ.

ನಿನ್ನ ಲೇಖನದಲ್ಲಿ ನಿಜವಾಗಿ ಬದಲಾಗಬೇಕಾದದ್ದು ಬೇರೊಂದಿದೆ. ಕೆಲವು ವಿಶೇಷಣಗಳು ನೋಡಿದವರ ಸಂತೋಷವನ್ನಷ್ಟೇ ತಿಳಿಸುತ್ತವೆ. ಇನ್ನು ಕೆಲವು ಹೊಗಳುತ್ತಲೇ ವಸ್ತುವನ್ನೂ ತೋರಿಸುತ್ತವೆ. ಭಾಗವತರ ಕಂಠಕ್ಕೆ ‘ಸೊನೋರಸ್’ ಎಂದರೆ ಅದರ ತುಂಬುನಾದ ಓದುಗನ ಕಿವಿಗೆ ಬೀಳುತ್ತದೆ. ಧಿಗಿಣಕ್ಕೆ ‘ನಿಂಬಲ್’ ಎಂದರೆ ಹಗುರಾದ ಕಾಲು ಕಾಣುತ್ತದೆ. ಮದ್ದಳೆಯ ಮೇಲಿನ ಬೆರಳಿಗೆ ‘ಡೆಫ್ಟ್’ ಸಾಕು. ‘ಹುಡುಕಿ ಆಯ್ದ’ ಎಂಬ ಮೂಲಾರ್ಥವುಳ್ಳ ‘ಎಕ್ಸ್‌ಕ್ವಿಸಿಟ್’ ಕಿರೀಟದ ಕುಸುರಿಗೆ ಹೊಂದುತ್ತದೆ. ಹಿರಿಯ ಕಲಾವಿದರ ಹಿಡಿತಕ್ಕೆ ‘ಮಾಸ್ಟರ್ಲಿ’ ಎನ್ನು. ‘ಮಾಸ್ಟರ್‌ಫುಲ್’ ಎಂದರೆ ದರ್ಪದ ವಾಸನೆ ಬರುತ್ತದೆಂದು ಎಣಿಸುವವರು ಇನ್ನೂ ಇದ್ದಾರೆ. ಹೊಸ ಹುಡುಗನಿಗೆ ‘ಪ್ರಾಮಿಸಿಂಗ್’ ಸರಿ, ಇಪ್ಪತ್ತೈದು ವರ್ಷ ಮೇಳದೊಡನೆ ತಿರುಗಾಟ ಮಾಡಿದವನಿಗೆ ಅದು ಅವಮಾನ. ‘ಕಾಂಪಿಟೆಂಟ್’ ಎಂಬುದು ಹೊಗಳಿಕೆಯ ಅಂಗಿ ತೊಟ್ಟ ತಣ್ಣನೆಯ ಮಾತು. ‘ಲಾಡಬಲ್’ ಪ್ರಯತ್ನವನ್ನು ಮೆಚ್ಚುತ್ತದೆ, ಆದರೆ ಬೆನ್ನಿಗೇ ಒಂದು ‘ಆದರೆ’ ಬರುತ್ತದೆಂದು ಓದುಗ ಕಾಯುತ್ತಾನೆ.

ಲೇಖನವನ್ನು ನೀನೇ ಕನ್ನಡಕ್ಕೂ ತರುತ್ತೀ ಎಂದಿದ್ದೀ. ಆಗ ಇವೆಲ್ಲವನ್ನೂ ‘ಅದ್ಭುತ’ವೆಂಬ ಒಂದೇ ಗೋಣಿಯಲ್ಲಿ ತುಂಬಬೇಡ. ಹವ್ಯಕರ ಬಾಯಿಯ ‘ಲಾಯ್ಕ’ದಲ್ಲಿ ‘ತಕ್ಕದ್ದು, ಯೋಗ್ಯವಾದದ್ದು’ ಎಂಬ ಅರಬ್ಬಿ ಮೂಲದ ಅರ್ಥ ಇನ್ನೂ ಉಸಿರಾಡುತ್ತಿದೆ. ತುಳುವರ ‘ಪೊರ್ಲು’ ಕಣ್ಣಿಗೆ ಕಂಡ ಚೆಲುವನ್ನು ಹೇಳುತ್ತದೆ. ಇಷ್ಟು ಭಾಷೆಗಳ ನಡುವೆ ಹುಟ್ಟಿದ ನಮಗೆ ಪದಗಳ ಬಡತನ ಬರಬಾರದಿತ್ತು.

ಕೊನೆಯ ಪುಟದಲ್ಲಿ ಚೆಂಡೆಯವರ ಬಗ್ಗೆ ಬರೆದ ಭಾಗಕ್ಕೆ ನಾನು ಪೆನ್ಸಿಲು ತಾಗಿಸಿಲ್ಲ. ಬೆಳಗಾದ ಮೇಲೆ ಅವರು ಕೈಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ ಕುಳಿತಿದ್ದರು ಎಂದಷ್ಟೇ ಬರೆದಿದ್ದೀ. ಅಲ್ಲಿ ಒಂದೂ ವಿಶೇಷಣವಿಲ್ಲ. ತಿದ್ದುವಾಗ ಅದನ್ನು ಹಾಗೆಯೇ ಬಿಡು.

ಇತಿ,
ನಿನ್ನ ಮಾಷ್ಟ್ರು