ಯಕೃತ್ತಿನ ಕ್ಯಾನ್ಸರ್: ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಆಗಲಿ

ಯಕೃತ್ತಿನ ಕ್ಯಾನ್ಸರ್ ನಮ್ಮಲ್ಲಿ ಬಹುಪಾಲು ಕೈಮೀರಿದ ಹಂತದಲ್ಲೇ ಪತ್ತೆಯಾಗುತ್ತಿರುವುದು ಕಳವಳದ ಸಂಗತಿ. ಆ ಹೊತ್ತಿಗೆ ಗೆಡ್ಡೆಯ ಜೀವಕೋಶಗಳು ‘ವಿಇಜಿಎಫ್’ ಎಂಬ ಪ್ರೋಟೀನ್ ಸ್ರವಿಸಿ, ಹೊಸ ರಕ್ತನಾಳಗಳು ತಮ್ಮತ್ತ ಬೆಳೆಯುವಂತೆ ಸಂಕೇತ ಕಳುಹಿಸಿರುತ್ತವೆ. ರೋಗವು ರಕ್ತದ ಮೂಲಕ ಶ್ವಾಸಕೋಶ, ಮೂಳೆಗಳನ್ನು ತಲುಪಲು ಇದು ಅನುಕೂಲವಾಗುತ್ತದೆ. ಈ ಸಂಕೇತವನ್ನು ತಡೆಯುವ ಸೊರಾಫೆನಿಬ್ ಮಾತ್ರೆ 2007ರಿಂದ ಈ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ. ತಿಂಗಳಿಗೆ ಸುಮಾರು ₹2.80 ಲಕ್ಷ ತಗಲುತ್ತಿದ್ದ ಈ ಔಷಧ, 2012ರಲ್ಲಿ ಭಾರತ ‘ಕಡ್ಡಾಯ ಪರವಾನಗಿ’ (ಪೇಟೆಂಟ್ ಹೊಂದಿದ ಕಂಪನಿಯ ಒಪ್ಪಿಗೆಯಿಲ್ಲದೆಯೂ ಬೇರೆ ಕಂಪನಿ ಔಷಧ ತಯಾರಿಸಲು ಕೊಡುವ ಅನುಮತಿ) ನೀಡಿದ ಮೇಲೆ ₹8,880ಕ್ಕೆ ದೊರೆಯುವಂತಾದದ್ದು ಬಡವರ ಪಾಲಿಗೆ ದೊಡ್ಡ ಉಪಕಾರವೇ ಸರಿ. ಆದರೆ ಒಂದು ದಾರಿ ಮುಚ್ಚಿದರೆ ಜೀವಕೋಶಗಳು ಇನ್ನೊಂದು ಸಂಕೇತದ ದಾರಿ ಹಿಡಿಯುತ್ತವೆ. ಮಾತ್ರೆಯಿಂದ ಸಿಗುವ ಹೆಚ್ಚುವರಿ ಆಯಸ್ಸು ಸರಾಸರಿ ಕೆಲವೇ ತಿಂಗಳು.

ಗೆಡ್ಡೆ ಚಿಕ್ಕದಿರುವಾಗಲೇ ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಅವಕಾಶವಿದೆ. ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ಕಾಯಿಲೆ) ಇರುವವರಿಗೆ, ದೀರ್ಘಕಾಲದ ಹೆಪಟೈಟಿಸ್ ಬಿ ಸೋಂಕಿನಿಂದ ಹೆಚ್ಚು ಅಪಾಯದಲ್ಲಿರುವವರಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಅಗತ್ಯ. ಹೆಪಟೈಟಿಸ್ ಔಷಧವನ್ನು ಸರ್ಕಾರ ಈಗಾಗಲೇ ಉಚಿತವಾಗಿ ಕೊಡುತ್ತಿದೆ. ಅದನ್ನು ಪಡೆಯಲು ಬರುವವರ ಚೀಟಿಯಲ್ಲೇ ಜಿಲ್ಲಾ ಆಸ್ಪತ್ರೆಗಳು ಮುಂದಿನ ಸ್ಕ್ಯಾನ್ ದಿನಾಂಕ ಬರೆದುಕೊಡಲಿ, ತಪ್ಪಿಸಿಕೊಂಡವರಿಗೆ ಆಶಾ ಕಾರ್ಯಕರ್ತೆಯರ ಮೂಲಕ ನೆನಪಿಸುವ ವ್ಯವಸ್ಥೆ ಮಾಡಲಿ.