ಇಂಬಳ ಕಚ್ಚಿದ್ದು ತಿಳಿಯದ ದೇಹ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಗಾಗಿ ಪ್ರಾರ್ಥನಾ ಸಪ್ತಾಹ ನಡೆಯುತ್ತದೆ. 1908ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ರೂಢಿಯನ್ನು ನಮ್ಮ ಮಲೆನಾಡಿನ ಕೆಲವು ಊರುಗಳಲ್ಲೂ ಪಾಲಿಸುತ್ತಾರೆ. ಒಂದು ಸಂಜೆ ಬೇರೆ ಬೇರೆ ಸಭೆಗಳವರು, ಅಂದರೆ ಬೇರೆ ಬೇರೆ ಚರ್ಚುಗಳವರು, ಒಂದೆಡೆ ಸೇರಿ ಹಾಡಿ, ಪ್ರವಚನ ಕೇಳಿ, ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ನಾನು ಹೋದ ಇಂಥ ಕೂಟಗಳಲ್ಲಿ ಹೆಚ್ಚಾಗಿ ಓದಿದ್ದು ಬೈಬಲಿನಲ್ಲಿರುವ, ಯೇಸುವಿನ ಅಪೊಸ್ತಲ ಪೌಲನು ಗ್ರೀಸಿನ ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರದ 12ನೆಯ ಅಧ್ಯಾಯವನ್ನು. ಅಂಗಗಳು ಅನೇಕ, ದೇಹ ಒಂದೇ ಎಂಬುದು ಅಲ್ಲಿನ ಮಾತು. ಪದವಿಪೂರ್ವ ಕಾಲೇಜಿನಲ್ಲಿ ಮೂರು ದಶಕ ಜೀವಶಾಸ್ತ್ರ ಪಾಠ ಮಾಡಿದ ನನಗೆ, ಈ ಹೋಲಿಕೆಯನ್ನು ನಾವು ತೀರಾ ಅಗ್ಗವಾಗಿ ಬಳಸುತ್ತಿದ್ದೇವೆ ಎಂದು ಅನೇಕ ವರ್ಷಗಳಿಂದ ಅನಿಸಿದೆ. ಅದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಿಕೊಳ್ಳಲು ಅವಕಾಶ ಕೋರುತ್ತೇನೆ.

ಐಕ್ಯತೆಯೆಂದರೆ ಎಲ್ಲರೂ ಒಂದೇ ತರಹ ಆಗುವುದು ಎಂದು ಹಲವರು ತಿಳಿದಿದ್ದಾರೆ, ಹಾಗೆ ತಿಳಿದೇ ಹೆದರುತ್ತಾರೆ. ದೇಹ ಹಾಗೆ ಹೇಳುವುದಿಲ್ಲ. ತಾಯಿಯ ಗರ್ಭದಲ್ಲಿ ನಮ್ಮ ಕೈ ಮೊದಲಿಗೆ ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿರುತ್ತದೆ, ಬೆರಳುಗಳು ಬಿಡಿಯಾಗಿರುವುದಿಲ್ಲ. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ನಡುನಡುವಿನ ಜೀವಕೋಶಗಳು ತಾವಾಗಿಯೇ ಸತ್ತು, ಬೆರಳುಗಳು ಒಂದರಿಂದೊಂದು ಬೇರೆಯಾಗುತ್ತವೆ. (ಹಾಗೆ ಸತ್ತು ದಾರಿ ಬಿಟ್ಟ ಆ ಜೀವಕೋಶಗಳ ಬಗ್ಗೆ ಯಾರೂ ಪ್ರವಚನ ಮಾಡಿದ್ದನ್ನು ನಾನು ಕೇಳಿಲ್ಲ.) ಅಂಟಿಕೊಂಡೇ ಉಳಿದ ಬೆರಳುಗಳನ್ನು ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಬಿಡಿಸುತ್ತಾರೆ, ಏಕೆಂದರೆ ಬಿಡಿಯಾದ ಬೆರಳುಗಳಿಂದ ಮಾತ್ರ ಪೆನ್ನು ಹಿಡಿಯಲು, ಅಡಿಕೆ ಸುಲಿಯಲು ಬರುತ್ತದೆ. ಆದರೆ ಬಿಡಿಯಾದ ಬೆರಳಿಗೆ ಸ್ವಂತ ಬಲವೆಂಬುದಿಲ್ಲ. ಬೆರಳನ್ನು ಮಡಚಿ ಬಿಡಿಸುವ ಸ್ನಾಯುಗಳು ಬೆರಳಿನೊಳಗಿಲ್ಲ. ಅವು ಅಂಗೈಯಲ್ಲೂ ಮೊಣಕೈಯಿಂದ ಕೆಳಗಿನ ತೋಳಿನಲ್ಲೂ ಇದ್ದು, ಹಗ್ಗದಂಥ ರಜ್ಜುಗಳ ಮೂಲಕ ಬೆರಳನ್ನು ಎಳೆಯುತ್ತವೆ. ಐದು ಬೆರಳೂ ಸಮ ಇರುವುದಿಲ್ಲ ಎನ್ನುವ ನಮ್ಮ ಹಿರಿಯರ ಮಾತಿಗೆ, ಐದಕ್ಕೂ ಬಲ ಬರುವುದು ಒಂದೇ ತೋಳಿನಿಂದ ಎಂಬುದನ್ನು ಸೇರಿಸಿಕೊಳ್ಳಬಹುದು.

ಮಲೆನಾಡಿನ ಕ್ರೈಸ್ತರನ್ನು ನೋಡಿದರೆ ಈ ವೈವಿಧ್ಯ ಕಣ್ಣಿಗೆ ಕಟ್ಟುತ್ತದೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮಾತಿನ ಕಥೋಲಿಕರು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಬಂದು ನೆಲೆನಿಂತ ತಮಿಳರು, ಕೇರಳದಿಂದ ಬಂದು ಬೇಸಾಯಕ್ಕಿಳಿದ ಸಿರಿಯನ್ ಪರಂಪರೆಯವರು, ಕನ್ನಡದಲ್ಲೇ ಹಾಡಿ ಬೆಳೆದ ಪ್ರಾಟೆಸ್ಟಂಟ್ ಕುಟುಂಬಗಳು, ಇತ್ತೀಚೆಗೆ ಬಾಡಿಗೆ ಕೋಣೆಗಳಲ್ಲಿ ಸೇರುವ ಚಿಕ್ಕ ಸಭೆಗಳು, ಇವರೆಲ್ಲ ಒಂದೇ ಬಸ್ ನಿಲ್ದಾಣದ ಆಚೀಚೆ ಬದುಕುತ್ತಾರೆ. ಶಿವಮೊಗ್ಗ ಕಥೋಲಿಕ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) 1988ರಲ್ಲಿ ರೂಪುಗೊಂಡಿತು; ಕೇರಳ ಮೂಲದ ಸಿರಿಯನ್ ಪರಂಪರೆಯ ಕಥೋಲಿಕರಾದ ಸಿರೋ-ಮಲಬಾರ್ ವಿಧಿಯವರಿಗೆ ಭದ್ರಾವತಿಯಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯ 2007ರಲ್ಲಿ ಬಂತು. ನನ್ನ ಮನೆಯಲ್ಲೇ ಪ್ರಭುವಿನ ಪ್ರಾರ್ಥನೆಯನ್ನು ನಾನು ‘ಪರಲೋಕ’ದಿಂದ ಆರಂಭಿಸಿದರೆ, ಕಥೋಲಿಕ ಮನೆತನದ ನನ್ನ ಹೆಂಡತಿ ‘ಸ್ವರ್ಗ’ದಿಂದ ಆರಂಭಿಸುತ್ತಾಳೆ. ನಲವತ್ತು ವರ್ಷಗಳಿಂದ ಎರಡೂ ಒಂದೇ ಸೂರಿನಡಿ ಸುಖವಾಗಿವೆ. ಇದರಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ.

ದೋಷ ಬೇರೆ ಕಡೆ ಇದೆ. ಅದನ್ನು ಹೇಳುವ ಮೊದಲು ಪೌಲನು ಈ ಹೋಲಿಕೆಯನ್ನು ಹೇಗೆ ತಿರುಗಿಸಿದನೆಂಬುದನ್ನು ಗಮನಿಸಬೇಕು. ದೇಹದ ಹೋಲಿಕೆ ಅವನ ಹೊಸ ಕಲ್ಪನೆಯಲ್ಲ. ಕ್ರಿ.ಪೂ. 494ರಲ್ಲಿ ರೋಮಿನ ಸಾಮಾನ್ಯ ಜನ ಸಾಲದ ಹೊರೆಗೆ ಬೇಸತ್ತು ನಗರ ಬಿಟ್ಟು ಹೊರಗೆ ಹೋಗಿ ಕುಳಿತಾಗ, ಮೆನೇನಿಯಸ್ ಅಗ್ರಿಪ್ಪ ಎಂಬಾತ ಹೊಟ್ಟೆಯ ವಿರುದ್ಧ ಮುಷ್ಕರ ಹೂಡಿದ ಕೈಬಾಯಿಗಳ ಕಥೆ ಹೇಳಿ ಅವರನ್ನು ಒಲಿಸಿದನೆಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ಕೆಳಗಿನವರು ಸುಮ್ಮನೆ ದುಡಿಯಲಿ ಎಂಬುದೇ ಆ ಕಥೆಯ ಸಾರ. ನಮ್ಮ ನಾಡಿನಲ್ಲೂ ತಲೆ, ತೋಳು, ಪಾದಗಳ ಹೋಲಿಕೆಯಿಂದ ಯಾರಿಗೆ ಏನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಮೇಲು-ಕೀಳು ಚರ್ಚಿನ ಬಾಗಿಲಲ್ಲೇ ಚಪ್ಪಲಿಯ ಜೊತೆ ಉಳಿಯಿತೆಂದು ಕ್ರೈಸ್ತರು ಎದೆ ತಟ್ಟಿ ಹೇಳುವಂತೆಯೂ ಇಲ್ಲ. ಪೌಲ ಮಾಡಿದ್ದು ಇದಕ್ಕೆ ತದ್ವಿರುದ್ಧ. ಕೊರಿಂಥದ ಸಭೆಯಲ್ಲಿ, ಯೇಸುವಿನ ನೆನಪಿಗೆ ಒಟ್ಟಾಗಿ ಉಣ್ಣುವ ಪ್ರಭುವಿನ ಭೋಜನಕ್ಕೆ ಸೇರಿದಾಗ ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಿದ್ದ, ಇಲ್ಲದವರಿಗೆ ಅವಮಾನವಾಗುತ್ತಿತ್ತು. ಆ ಪತ್ರದ 11ನೆಯ ಅಧ್ಯಾಯದಲ್ಲಿ ಈ ಸಂಗತಿಯನ್ನು ಖಂಡಿಸಿದ ಮೇಲೆಯೇ ಅವನು ದೇಹದ ಮಾತೆತ್ತಿ, ಬಲಹೀನವೆಂದು ತೋರುವ ಅಂಗಗಳೇ ಅತ್ಯವಶ್ಯ, ಅವಕ್ಕೇ ಹೆಚ್ಚಿನ ಮಾನ ಎಂದು ಉಳ್ಳವರಿಗೆ ಹೇಳಿದ. ಒಂದು ಅಂಗಕ್ಕೆ ನೋವಾದರೆ ಎಲ್ಲ ಅಂಗಗಳಿಗೂ ನೋವು ಎಂಬ ಮಾತು ಬರುವುದು ಅದರ ಬೆನ್ನಿಗೇ.

ಆ ನೋವಿನ ಮಾತೇ ನನ್ನ ದೃಷ್ಟಿಯಲ್ಲಿ ಇಡೀ ಅಧ್ಯಾಯದ ಕೀಲು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, 1946ರಿಂದ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ಬೆರಳುಗಳೇಕೆ ಮೊಟಕಾಗುತ್ತವೆ ಎಂದು ಬೆನ್ನುಹತ್ತಿದರು. ರೋಗವೇ ಮಾಂಸವನ್ನು ಕೊಳೆಸುತ್ತದೆ ಎಂಬುದು ಅಂದಿನ ಸಾಮಾನ್ಯ ನಂಬಿಕೆಯಾಗಿತ್ತು. ರೋಗ ಕೆಡಿಸುವುದು ನರವನ್ನು, ನರ ಸತ್ತ ಮೇಲೆ ನೋವು ತಿಳಿಯುವುದಿಲ್ಲ, ನೋವು ತಿಳಿಯದವನು ಬಿಸಿ ಪಾತ್ರೆಯನ್ನು ಕೈಬಿಡುವುದಿಲ್ಲ, ಕಾಲಿನ ಹುಣ್ಣಿನ ಮೇಲೆಯೇ ಮೈಲಿಗಟ್ಟಲೆ ನಡೆಯುತ್ತಾನೆ, ಹೀಗೆ ಗಾಯದ ಮೇಲೆ ಗಾಯವಾಗಿ ಬೆರಳು ಹೋಗುತ್ತದೆ ಎಂದು ಅವರು ತೋರಿಸಿದರು. ಮಡಚಿಹೋದ ಕೈಗಳಿಗೆ, ತೋಳಿನಲ್ಲಿ ಇನ್ನೂ ಚೆನ್ನಾಗಿದ್ದ ಸ್ನಾಯುವಿನ ರಜ್ಜುವನ್ನು ಬೇರೆ ದಾರಿಯಲ್ಲಿ ತಂದು ಜೋಡಿಸಿ, ಮತ್ತೆ ತುತ್ತು ಎತ್ತುವ ಶಕ್ತಿ ಕೊಟ್ಟರು. ಆದರೆ ಹೋದ ನೋವನ್ನು ಹಿಂದಕ್ಕೆ ತರಲು ಅವರಿಂದಲೂ ಆಗಲಿಲ್ಲ.

ಮಲೆನಾಡಿನವರಿಗೆ ಇದನ್ನು ವಿವರಿಸಲು ವೆಲ್ಲೂರಿಗೆ ಹೋಗಬೇಕಾಗಿಯೂ ಇಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದವರಿಗೆ ಇಂಬಳ (ಜಿಗಣೆ) ಕಚ್ಚಿದ್ದು ಕಚ್ಚುವಾಗ ಗೊತ್ತಾಗುವುದಿಲ್ಲ. ಅದು ನೋವಾಗದಂತೆ ಕಚ್ಚಿ, ರಕ್ತ ಹೆಪ್ಪುಗಟ್ಟದಂತೆ ಜೊಲ್ಲು ಸೇರಿಸಿ, ಹೊಟ್ಟೆ ತುಂಬಿದ ಮೇಲೆ ತಾನೇ ಕಳಚಿಕೊಳ್ಳುತ್ತದೆ. ಅಂಗಳದಲ್ಲಿ ಕಾಲು ತೊಳೆಯುವಾಗ ನೀರು ಕೆಂಪಾದಾಗಲೇ ನಾವು ಬಗ್ಗಿ ನೋಡುವುದು. ನಮ್ಮ ಸಭೆಗಳ ನಡುವಿನ ಒಡಕೂ ಇದೇ ಜಾತಿಯದು. ಯಾರೂ ಯಾರೊಂದಿಗೂ ಜಗಳವಾಡುತ್ತಿಲ್ಲ, ಹಬ್ಬಕ್ಕೆ ಕೇಕು ಹಂಚಿಕೊಳ್ಳುತ್ತೇವೆ, ರಕ್ತ ಮಾತ್ರ ಹೋಗುತ್ತಲೇ ಇದೆ.

ಒಂದು ಪ್ರಸಂಗ ಹೇಳುತ್ತೇನೆ. ಊರಿನ ಹೆಸರೂ ಸಭೆಗಳ ಹೆಸರೂ ಬೇಡ. ಕೆಲವು ಮಳೆಗಾಲಗಳ ಹಿಂದೆ, ತೋಟದ ಕೂಲಿ ಮಾಡಿ ಬದುಕಿದ್ದ ಒಬ್ಬ ವೃದ್ಧೆ ತೀರಿಕೊಂಡರು. ಅವರು ಹೋಗುತ್ತಿದ್ದ ಚಿಕ್ಕ ಸಭೆಗೆ ಸ್ವಂತ ಸ್ಮಶಾನವಿರಲಿಲ್ಲ. ಆ ಊರಿನಲ್ಲಿ ಕ್ರೈಸ್ತ ಸ್ಮಶಾನಗಳು ಎರಡಿದ್ದವು. ಒಂದು ಕಡೆಯವರು, ದಾಖಲೆ ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಜಾಗ ಕೊಡುವ ನಿಯಮವಿಲ್ಲ ಎಂದರು. ಇನ್ನೊಂದು ಕಡೆಯವರು, ಮೇಲಿನವರ ಅಪ್ಪಣೆ ಬೇಕು, ಅವರು ಊರಲ್ಲಿಲ್ಲ ಎಂದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಟಾರ್ಪಾಲು ಹೊದಿಸಿದ ಜೀಪಿನಲ್ಲಿ ಆ ದೇಹ ಕಾಯಿತು. ಕೊನೆಗೆ ಆಕೆ ದುಡಿದ ತೋಟದ ಯಜಮಾನರು, ಕ್ರೈಸ್ತರಲ್ಲದವರು, ತಮ್ಮ ಬ್ಯಾಣದ (ಹುಲ್ಲುಗಾವಲಿನ) ಅಂಚಿನಲ್ಲಿ ಆರಡಿ ನೆಲ ತೋರಿಸಿದರು. ಮೇಲೆ ಹೇಳಿದ ಎರಡು ಸಭೆಗಳಲ್ಲಿ ಒಂದರ ಸಮಿತಿಯಲ್ಲಿ ನಾನಿದ್ದೆ, ನಿಯಮದ ಪುಟ ತೆರೆದು ತೋರಿಸಿದವರಲ್ಲಿ ನಾನೂ ಒಬ್ಬ. ಅದೇ ವರ್ಷ ಜನವರಿಯ ಐಕ್ಯ ಕೂಟದಲ್ಲಿ 12ನೆಯ ಅಧ್ಯಾಯವನ್ನು ಓದಿದವನೂ ನಾನೇ. ಆ ವೃದ್ಧೆಯನ್ನು ಹೂತ ರಾತ್ರಿ ನಾನು ಊಟ ಮಾಡಿ ಚೆನ್ನಾಗಿಯೇ ಮಲಗಿದೆ. ನೋವಾಗಲಿಲ್ಲ ಎಂಬುದೇ ಈಗ ನನ್ನನ್ನು ಕಾಡುತ್ತಿರುವ ಸಂಗತಿ.

ಸಿದ್ಧಾಂತದ ಭಿನ್ನತೆ ಇರುವಾಗ ಒಂದು ಸಭೆಯ ಸ್ಮಶಾನದಲ್ಲಿ ಇನ್ನೊಂದು ಸಭೆಯವರಿಗೆ ಜಾಗ ಕೊಡುವುದು ಹೇಗೆ ಸಾಧ್ಯ ಎಂದು ಕೆಲವರು ಕೇಳಬಹುದು. ಸಿದ್ಧಾಂತದ ಮಾತುಕತೆಗೆ ಕಾಲ ಬೇಕು, ನಿಜ. ಪ್ರಾಟೆಸ್ಟಂಟ್ ಸಭೆಗಳು ಒಂದಾಗುವ ಬಗ್ಗೆ ತಮಿಳುನಾಡಿನ ತರಂಗಂಬಾಡಿಯಲ್ಲಿ 1919ರಲ್ಲಿ ಶುರುವಾದ ಚರ್ಚೆ ದಕ್ಷಿಣ ಭಾರತ ಸಭೆಯಾಗಿ ಫಲಿಸಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ; ಅದಕ್ಕೆ 28 ವರ್ಷ ಹಿಡಿಯಿತು. ಕಥೋಲಿಕರು ಮತ್ತು ಪ್ರಾಟೆಸ್ಟಂಟರಾದ ಲೂಥರನ್ನರು ರಕ್ಷಣೆಯ ವಿಚಾರವಾಗಿ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಲು 1999ರವರೆಗೆ ಕಾಯಬೇಕಾಯಿತು. ಆದರೆ ಆಷಾಢದ ಮಳೆಯಲ್ಲಿ ಹೆಣ ಅಷ್ಟು ಕಾಯುವುದಿಲ್ಲ. ಗುಂಡಿಯ ಬಳಿ ಆಯಾ ಸಭೆಯ ಪಾಲಕರೋ ಗುರುಗಳೋ ತಮ್ಮ ತಮ್ಮ ಕ್ರಮದಂತೆಯೇ ಪ್ರಾರ್ಥನೆ ಮಾಡಲಿ. ಅದರಿಂದ ಯಾರ ಸಿದ್ಧಾಂತಕ್ಕೂ ಕುಂದಿಲ್ಲ. ಕಥೋಲಿಕ ಬಿಷಪ್ಪರ ಕೂಟವಾದ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ ಐಕ್ಯತೆಯ ಆದೇಶಪತ್ರವೂ ಸೇವೆಯ ಕೆಲಸಗಳಲ್ಲಿ ಕ್ರೈಸ್ತರೆಲ್ಲ ಕೈಜೋಡಿಸುವುದನ್ನು ಪ್ರೋತ್ಸಾಹಿಸುತ್ತದೆ. ಜಾಗದ ಕೊರತೆ ನಿಜವಾದ ಸಮಸ್ಯೆ. ಅದಕ್ಕೆ ಪ್ರತಿ ತಾಲ್ಲೂಕಿನಲ್ಲೂ ಎಲ್ಲ ಸಭೆಗಳು ಸೇರಿ ಒಂದೇ ಅರ್ಜಿಯಲ್ಲಿ ಸಾರ್ವಜನಿಕ ಕ್ರೈಸ್ತ ಸ್ಮಶಾನಕ್ಕೆ ಜಾಗ ಕೇಳಲಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹಳ್ಳಿಯಿಂದ ಬಂದು ಮಲಗಿದವರಿಗೆ ರಕ್ತ ಬೇಕಾದಾಗ ಸಭೆಯ ಹೆಸರು ಕೇಳದೆ ಓಡಿಹೋಗುವ ಯುವಕರನ್ನು ನಾನು ಕಂಡಿದ್ದೇನೆ. ಹಿರಿಯರಾದ ನಾವು ಅವರಿಂದ ಕಲಿಯುವುದಕ್ಕೆ ನಾಚಬೇಕಿಲ್ಲ.

ಈ ವರ್ಷದ ಸಪ್ತಾಹ 25ರಂದು, ಪೌಲನ ಮನಃಪರಿವರ್ತನೆಯ ಹಬ್ಬದ ದಿನ, ಮುಗಿಯುತ್ತದೆ. ಮಳೆಗಾಲಕ್ಕೆ ಇನ್ನು ನಾಲ್ಕು ತಿಂಗಳು ಇದೆ. ಅಷ್ಟರೊಳಗೆ ಸ್ಮಶಾನವಿರುವ ಸಭೆಗಳ ಸಮಿತಿಗಳು ಒಮ್ಮೆ ಕುಳಿತು ದಾಖಲೆಯ ನಿಯಮಕ್ಕೆ ಒಂದು ಸಾಲಿನ ತಿದ್ದುಪಡಿ ಮಾಡಿ, ಸ್ಮಶಾನದ ಗೇಟಿನ ಎರಡನೆಯ ಕೀಲಿಕೈಯನ್ನು ಊರಲ್ಲಿ ಸದಾ ಸಿಗುವ ಯಾರಾದರೊಬ್ಬರ ಕೈಯಲ್ಲಿ ಇಡಬೇಕೆಂದು ವಿನಂತಿಸುತ್ತೇನೆ. ನನ್ನ ಸಭೆಯ ಸಮಿತಿಗೆ ಈ ಕೋರಿಕೆಯನ್ನು ನಾನು ಈಗಾಗಲೇ ಲಿಖಿತವಾಗಿ ಸಲ್ಲಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ