ಗಡಿನಾಡಿನ ಲೈಂಗಿಕ ಅಲ್ಪಸಂಖ್ಯಾತರ ಚರಿತ್ರೆಯೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ತಾನು ಸಲಿಂಗಿಯೆಂದು ಹೇಳಿಕೊಂಡೇ ಚುನಾವಣೆ ಗೆದ್ದವರು ಯಾರೆಂದು ಕೇಳಿದರೆ ಹೆಚ್ಚಿನವರಿಗೆ ನೆನಪಾಗುವುದು 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೆದ್ದ ಹಾರ್ವೆ ಮಿಲ್ಕ್. ಅದಕ್ಕೂ ಮೊದಲೇ, 1974ರ ಎಪ್ರಿಲ್‌ನಲ್ಲಿ, ಮಿಶಿಗನ್ ರಾಜ್ಯದ ಆ್ಯನ್ ಆರ್ಬರ್ ಎಂಬ ಸಣ್ಣ ನಗರದಲ್ಲಿ ಕ್ಯಾಥಿ ಕೋಜಚೆಂಕೊ ಎಂಬ ವಿದ್ಯಾರ್ಥಿನಿ 52 ಮತಗಳ ಅಂತರದಿಂದ ನಗರಸಭೆಗೆ ಆರಿಸಿ ಬಂದಿದ್ದರು. ದೊಡ್ಡ ಊರಿನ ಸದ್ದಿನಲ್ಲಿ ಸಣ್ಣ ಊರು ಮರೆಯಾಗುವುದು ಹೀಗೆ. ಆದರೂ ಅಲ್ಲಿನ ವಿಶ್ವವಿದ್ಯಾಲಯದ ಲಬಾಡಿ ಸಂಗ್ರಹ ಎಂಬ ದಾಖಲೆ ಭಂಡಾರ 1911ರಿಂದಲೂ ಚಳವಳಿಗಳ ಕರಪತ್ರಗಳನ್ನು ಕೂಡಿಡುತ್ತಾ ಬಂದಿದೆ.

ಕೇರಳ 2015ರಲ್ಲೇ ಟ್ರಾನ್ಸ್‌ಜೆಂಡರ್ ನೀತಿ ತಂದ ರಾಜ್ಯ. ಆದರೆ ಕನ್ನಡ, ತುಳು, ಬ್ಯಾರಿ ಮಾತಾಡುವ ಕಾಸರಗೋಡಿನ ಲೈಂಗಿಕ ಅಲ್ಪಸಂಖ್ಯಾತರು ಕೊಚ್ಚಿಯ ಲೆಕ್ಕಕ್ಕೂ ಇಲ್ಲ, ಬೆಂಗಳೂರಿನ ಲೆಕ್ಕಕ್ಕೂ ಇಲ್ಲ. ಇವರ ನೆನಪು, ಫೋಟೊ, ಕಾಗದಪತ್ರಗಳನ್ನು ಕೂಡಿಡುವುದು ಊರೂರಿನ ಗ್ರಂಥಾಲಯಗಳು ಮನಸ್ಸು ಮಾಡಿದರೆ ಆಗುವಂಥದ್ದೇ.

ನೆನಪುಗಳ ಧ್ವನಿಮುದ್ರಣಕ್ಕೆ ಮೊಬೈಲ್ ಸಾಕು. ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ನಿಲ್ಲಿಸಿ, ಧ್ವನಿಯನ್ನು ಕುಗ್ಗಿಸದ ವೇವ್ (WAV) ಫೈಲ್ ಆಗಿ ಉಳಿಸಬೇಕು. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 700 ಎಂಬಿ ಬೇಕು. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಕೂತರೆ ಏನೂ ಕೇಳದು. ಇಸವಿ ನೆನಪಾಗದ ಹಿರಿಯರನ್ನು, 'ಜಿಲ್ಲೆಯಾಗುವ ಮೊದಲೋ, ಆಮೇಲೋ?' ಎಂದು ಕೇಳಿ. ಕಾಸರಗೋಡು ಜಿಲ್ಲೆಯಾದ 1984ರ ಆಚೆಯೋ ಈಚೆಯೋ ತಿಳಿಯುತ್ತದೆ.

ಎಡವುವುದು ಹೆಚ್ಚಾಗಿ ಗುಟ್ಟು ಕಾಯುವಲ್ಲಿ. ಹೆಸರು ಬದಲಿಸಿದರೆ ಸಾಲದು. ಮನೆ ಹೆಸರು, ಕುಟುಂಬದ ದೈವ, ತೋಟದ ಬದಿಯ ಶಾಲೆ, ಇವುಗಳಲ್ಲಿ ಒಂದು ಉಳಿದರೂ ಇವರು ಯಾರೆಂದು ನಮ್ಮ ಊರುಗಳಲ್ಲಿ ಕ್ಷಣದಲ್ಲಿ ಗೊತ್ತಾಗುತ್ತದೆ. 2018ರ ಸೆಪ್ಟೆಂಬರ್ 6ರ ತೀರ್ಪಿನ ತನಕ ಸಲಿಂಗ ಸಂಬಂಧ 377ನೇ ಸೆಕ್ಷನ್ನಿನಡಿ ಅಪರಾಧವಾಗಿತ್ತು; ಹಿರಿಯರ ಅಂಜಿಕೆಗೆ ಕಾರಣವಿದೆ. ಧ್ವನಿ, ಫೋಟೊ, ಹೆಸರು ಮೂರಕ್ಕೂ ಬೇರೆ ಬೇರೆ ಒಪ್ಪಿಗೆ ಪಡೆಯಬೇಕು. ಈಗಲೇ ಬಹಿರಂಗಪಡಿಸಬಹುದೇ, 20 ವರ್ಷ ಮುಚ್ಚಿಡಬೇಕೇ, ಅವರು ತೀರಿಕೊಂಡ ಮೇಲೆ ಯಾರನ್ನು ಕೇಳಬೇಕು ಎಂಬುದೂ ಅದರಲ್ಲಿರಲಿ. ಓದಲು ಬಾರದವರಿಗೆ ಓದಿ ಹೇಳಿ, ಒಪ್ಪಿಗೆಯನ್ನೂ ಧ್ವನಿಮುದ್ರಿಸಿಕೊಳ್ಳಿ. ಮಂಗಳಮುಖಿಯರು ಬಿಟ್ಟುಬಿಟ್ಟ ಹಳೆಯ ಹೆಸರು ಸೂಚಿಯಲ್ಲಿ ಕಾಣಿಸಲೇಬಾರದು.

ಫೋಟೊಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಮತ್ತೆ ಬಿಡಿಸಲು ಬಾರದು. ಸ್ಟೇಪ್ಲರ್ ಪಿನ್ನು ಕರಾವಳಿಯ ತೇವಕ್ಕೆ ತುಕ್ಕು ಹಿಡಿಯುತ್ತದೆ, ಸೆಲ್ಲೊಟೇಪಿನ ಅಂಟು ಹಳದಿ ಕಲೆ ಬಿಡುತ್ತದೆ. ಪತ್ರಿಕೆಯ ತುಣುಕು ಫೋಟೊಕ್ಕೆ ತಾಗಿದರೆ ಕಾಗದದ ಆಮ್ಲ ಅದನ್ನೂ ಕೆಡಿಸುತ್ತದೆ, ಬೇರೆ ಲಕೋಟೆಯಲ್ಲಿಡಿ. ಸ್ಕ್ಯಾನಿಂಗ್ 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ). ವಾಟ್ಸಾಪಿನಲ್ಲಿ ಫೋಟೊ ಆಗಿ ಕಳುಹಿಸಿದರೆ ಗುಣಮಟ್ಟವೂ ತೆಗೆದ ದಿನಾಂಕವೂ ಹೋಗುತ್ತವೆ, ಡಾಕ್ಯುಮೆಂಟ್ ಆಗಿ ಕಳುಹಿಸಬೇಕು. ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನಲ್ಲಿ.

ಇಲಾಖೆಗೆ ಬರೆದ ಅರ್ಜಿ, ಬಂದ ಉತ್ತರಗಳನ್ನೂ ಎಸೆಯಬಾರದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿಯ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಮಲಯಾಳದಲ್ಲಿ ಬಂದರೆ ಅದೂ ಒಂದು ದಾಖಲೆಯೇ.

– ಕೆಲವು ಓದುಗರು, ಬದಿಯಡ್ಕ